ಹಳೇ ಫ್ಯಾನುಕ್‌ನಲ್ಲೇ ಬಾಟಲಿ ಮೋಲ್ಡ್ ತೆಗೆದ ಕಥೆ

ಪೀಣ್ಯದ ನನ್ನ ಶೆಡ್‌ನಲ್ಲಿ ಇರುವುದು ಒಂದೇ ವಿಎಂಸಿ (ಕೋಡ್ ಹೇಳಿದಂತೆ ಲೋಹ ಕಡಿಯುವ ಮೆಷಿನ್). ಸೆಕೆಂಡ್ ಹ್ಯಾಂಡ್, ಅದರ ಮಿದುಳು, ಅಂದರೆ ಕಂಟ್ರೋಲ್, ಫ್ಯಾನುಕ್ 0ಐ-ಎಂಸಿ. ಡ್ರಿಲ್ಲಿಂಗ್, ಪಾಕೆಟ್, ಫಿಕ್ಸ್‌ಚರ್ ಪ್ಲೇಟ್ ಕೊಟ್ಟರೆ ಎತ್ತಿನ ಹಾಗೆ ದುಡಿಯುತ್ತದೆ. 3ಡಿ ಸರ್ಫೇಸ್ (ಬಾಗಿದ ಮೈ) ಕೊಟ್ಟರೆ ನಡುಗಲು ಶುರು. ಅಲ್ಯೂಮಿನಿಯಂನಲ್ಲಿ ಬಾಟಲಿ ಮೋಲ್ಡ್ (ಅಚ್ಚು) ತೆಗೆಯುವ ಆರ್ಡರ್ ಹಿಡಿದಾಗ ಪಕ್ಕದ ಶೆಡ್‌ನವರು ನಕ್ಕರು. "ಈ ಕಂಟ್ರೋಲಲ್ಲಿ ಸರ್ಫೇಸಾ? ಮಾರ್ಬಿಡು ಗುರು" ಅಂದರು. ಕಂಟ್ರೋಲ್ ಬದಲಾಯಿಸಲು ಒಬ್ಬರು ಕೊಟ್ಟ ಕೊಟೇಶನ್ ಒಂಬತ್ತು ಲಕ್ಷದ ಆಸುಪಾಸು. ಮೆಷಿನ್ ತಂದಿದ್ದೇ ಹನ್ನೊಂದಕ್ಕೆ!

ಮೊದಲ ಮೋಲ್ಡ್‌ನಲ್ಲಿ ಅವರ ಮಾತೇ ನಿಜ ಆಯಿತು. 6 ಎಂಎಂ ಬಾಲ್‌ನೋಸ್ (ಗುಂಡು ತುದಿಯ ಟೂಲ್), ಸ್ಟೆಪ್‌ಓವರ್ (ಒಂದು ಗೆರೆಯಿಂದ ಪಕ್ಕದ ಗೆರೆಗೆ ದೂರ) 0.15 ಎಂಎಂ, ಪ್ರೋಗ್ರಾಂ ಫೀಡ್ (ಟೂಲ್ ಓಡುವ ವೇಗ) ನಿಮಿಷಕ್ಕೆ 2000 ಎಂಎಂ. ಸ್ಕ್ರೀನ್ ಮೇಲೆ ಆ್ಯಕ್ಚುಯಲ್ ಫೀಡ್ ನೋಡಿದರೆ 600 ದಾಟಲ್ಲ. "ಸಾರ್, ಮೆಷಿನ್ ಬಿಕ್ಕಳಿಸ್ತಾ ಇದೆ" ಅಂದ ಆಪರೇಟರ್. ಅರ್ಧ ಮೋಲ್ಡ್‌ನ ಫಿನಿಶಿಂಗ್‌ಗೆ (ಕೊನೆಯ ನಯ ಕಡಿತಕ್ಕೆ) ಐದೂವರೆ ಗಂಟೆ. ಮೈಮೇಲೆಲ್ಲ ಗೀರು ಗೀರು. ಪಾಲಿಶ್‌ಗೇ ಎರಡು ದಿನ ಹೋಯಿತು, ಲಾಭ ಅಲ್ಲೇ ಕರಗಿತು.

ಎಲ್ಲರ ಹಾಗೆ ನಾನೂ ಮೊದಲು ಬೈದದ್ದು ಕ್ಯಾಮ್ ಸಾಫ್ಟ್‌ವೇರ್‌ಗೆ, ಅಂದರೆ ಟೂಲ್ ಹೋಗುವ ದಾರಿ (ಟೂಲ್‌ಪಾತ್) ಲೆಕ್ಕ ಹಾಕಿ ಮೆಷಿನ್ ಕೋಡ್ ಕೊಡುವುದಕ್ಕೆ. ಸ್ನೇಹಿತರ ಶೆಡ್‌ಗೆ ಹೋಗಿ ಮಾಸ್ಟರ್‌ಕ್ಯಾಮ್‌ನಲ್ಲಿ ಅದೇ ಭಾಗ ಮಾಡಿಸಿದೆ. ಫ್ಯೂಷನ್ ಅನ್ನುವ ಇನ್ನೊಂದು ಕ್ಯಾಮ್‌ನ ಟ್ರಯಲ್ ಹಾಕಿದೆ. (ಅದರ ಪರ್ಸನಲ್ ಲೈಸೆನ್ಸ್ ನಮಗೆ ದಕ್ಕಲ್ಲ. 2020ರ ಅಕ್ಟೋಬರ್‌ನಿಂದ ಅದರಲ್ಲಿ ರಾಪಿಡ್ (ಕಡಿಯದೆ ಬೇಗ ಸರಿಯುವ ಓಟ) ಕೂಡ ಫೀಡ್‌ನಲ್ಲೇ ಬರುತ್ತದೆ, ಜಾಬ್ ವರ್ಕ್‌ಗೆ ಬಳಸುವ ಹಾಗೂ ಇಲ್ಲ.) ರಫಿಂಗ್‌ನಲ್ಲಿ (ಮೊದಲ ಒರಟು ಕಡಿತದಲ್ಲಿ) ನನ್ನ ಹಳೇ ಸಾಫ್ಟ್‌ವೇರ್‌ಗಿಂತ ಎರಡೂ ಚೆನ್ನಾಗಿದ್ದವು. ಅದರ ವಿಧಾನಕ್ಕೆ ಒಂದರಲ್ಲಿ ಡೈನಾಮಿಕ್ ಅಂತಾರೆ, ಇನ್ನೊಂದರಲ್ಲಿ ಅಡಾಪ್ಟಿವ್. ಹೆಸರು ಬೇರೆ, ಹೊಟ್ಟೆಯೊಳಗಿನ ಕೆಲಸ ಹೆಚ್ಚು ಕಮ್ಮಿ ಒಂದೇ. ಫಿನಿಶಿಂಗ್‌ನಲ್ಲಿ ಮಾತ್ರ ಅದೇ ಟಾಲರೆನ್ಸ್ (ಎಷ್ಟು ಆಚೆ ಈಚೆ ಆಗಬಹುದು ಅನ್ನುವ ಮಿತಿ), ಅದೇ ಸ್ಟೆಪ್‌ಓವರ್ ಕೊಟ್ಟಾಗ ಮೂರಕ್ಕೂ ಅದೇ ಐದೂವರೆ ಗಂಟೆ! ಐದ್ಹತ್ತು ನಿಮಿಷ ಆಚೆ ಈಚೆ.

ಅವತ್ತು ರಾತ್ರಿ ಕ್ಯಾಲ್ಕ್ಯುಲೇಟರ್ ಹಿಡಿದು ಕೂತೆ. ಫೈಲ್ ಸುಮಾರು 18 ಎಂಬಿ. ಮೆಷಿನ್ ಮೆಮೊರಿ 256 ಕೆಬಿ, ಹಾಗಾಗಿ ಲ್ಯಾಪ್‌ಟಾಪ್‌ನಿಂದ ಆರ್‌ಎಸ್232 ಕೇಬಲ್‌ನಲ್ಲಿ ಡಿಎನ್‌ಸಿ (ಪ್ರೋಗ್ರಾಂ ಸ್ವಲ್ಪ ಸ್ವಲ್ಪವೇ ಕಳಿಸುತ್ತಾ ಕಡಿಯುವುದು) ಓಡಿಸುತ್ತಿದ್ದೆವು. ಬಾಡ್ ರೇಟ್ (ಕೇಬಲ್‌ನಲ್ಲಿ ಡೇಟಾ ಹೋಗುವ ವೇಗ) 9600, ಅಂದರೆ ಸೆಕೆಂಡಿಗೆ 900 ಅಕ್ಷರ ಅಂತಿಟ್ಟುಕೊಳ್ಳಿ. ಭಾಗಿಸಿದರೆ 20,000 ಸೆಕೆಂಡ್. ಐದೂವರೆ ಗಂಟೆ! ಮೆಷಿನ್ ನಿಧಾನ ಇರಲೇ ಇಲ್ಲ. ಕೇಬಲ್‌ನಿಂದ ಮುಂದಿನ ಲೈನ್ ಯಾವಾಗ ಬರುತ್ತೋ ಅಂತ ಬಾಯಿ ಬಿಟ್ಟುಕೊಂಡು ನಿಂತಿರುತ್ತಿತ್ತು. ಒಂದು ಲೈನ್ 18 ಅಕ್ಷರ, ಸೆಕೆಂಡಿಗೆ 50 ಲೈನ್, ಒಂದೊಂದೂ ಟೂಲನ್ನು ಸರಿಸುವುದು 0.2 ಎಂಎಂ. ಗುಣಿಸಿ ನೋಡಿ, ನಿಮಿಷಕ್ಕೆ ಸರಿಯಾಗಿ 600 ಎಂಎಂ.

ಬಾಡ್ ರೇಟ್ 19200 ಮಾಡಿದೆ. ಪಕ್ಕದ ಏರ್ ಕಂಪ್ರೆಸರ್ ಶುರುವಾದಾಗಲೆಲ್ಲ ಅಲಾರಂ. ಒಂದು ಸಲ ಬಾಲ್‌ನೋಸ್ ಅಲ್ಲೇ ನಿಂತು ಉಜ್ಜಿ ಗುಂಡಿ ಬಿತ್ತು. ಕೇಬಲ್ ಕಿತ್ತೆಸೆದು ಸಿಎಫ್ ಕಾರ್ಡ್ (ಮೆಮೊರಿ ಕಾರ್ಡ್), ಅಡಾಪ್ಟರ್ ತಂದೆ. ಎರಡೂವರೆ ಸಾವಿರ ಆಯಿತೇನೋ. 20ನೇ ಪ್ಯಾರಾಮೀಟರ್ 4 ಮಾಡಿ ಕಾರ್ಡ್‌ನಿಂದಲೇ ಡಿಎನ್‌ಸಿ ಓಡಿಸಿದೆ. ದೊಡ್ಡ ಕಾರ್ಡ್ ತರಬೇಡಿ, ನನ್ನದು 2 ಜಿಬಿಗಿಂತ ಜಾಸ್ತಿ ಇದ್ದದ್ದನ್ನು ಓದಲೇ ಇಲ್ಲ. ಟೈಮ್ ನಾಲ್ಕು ಗಂಟೆಗೆ ಇಳಿಯಿತು. ಗೀರು ಹಾಗೇ ಇತ್ತು.

ಆಮೇಲೆ ಹಾಕಿದ್ದು ಜಿ05.1 ಕ್ಯೂ1 ಅನ್ನುವ ಕೋಡ್. ಇದು ನನ್ನ ಮೆಷಿನ್‌ನಲ್ಲಿ ಮೊದಲಿಂದಲೂ ಇತ್ತು, ಯಾರೂ ಕರೆದಿರಲಿಲ್ಲ ಅಷ್ಟೇ. ನನ್ನ ಪೋಸ್ಟ್‌ನಲ್ಲಿ (ಟೂಲ್‌ಪಾತನ್ನು ಈ ಕಂಟ್ರೋಲ್‌ನ ಕೋಡ್‌ಗೆ ತಿರುಗಿಸುವ ಫೈಲ್) ಅದು ಬರುತ್ತಲೇ ಇರಲಿಲ್ಲ. ಬೇರೆ ಲೈನ್‌ನಲ್ಲಿ ಒಂಟಿಯಾಗಿ ಕೊಡಬೇಕು, ಮೊದಲು ಜಿ80 (ಡ್ರಿಲ್ಲಿಂಗ್ ಸೈಕಲ್ ರದ್ದು) ಇರಬೇಕು, ಟೂಲ್ ಚೇಂಜ್‌ಗೆ ಮುಂಚೆ ಕ್ಯೂ0 ಕೊಟ್ಟು ಆಫ್ ಮಾಡಬೇಕು. ಮುಂದಿನ ಲೈನ್‌ಗಳನ್ನು ಮೊದಲೇ ನೋಡಿಕೊಂಡು ವೇಗ ಹೊಂದಿಸುವುದರಿಂದ ಬಿಕ್ಕಳಿಕೆ ನಿಂತಿತು. ಎರಡೂ ಮುಕ್ಕಾಲು ಗಂಟೆ. ಇದರ ಜೊತೆ ಕಾರ್ನರ್‌ನಲ್ಲಿ ಎಷ್ಟು ನಿಧಾನ ಮಾಡಬೇಕು ಅನ್ನುವ ಒಂದು ಪ್ಯಾರಾಮೀಟರ್ ಮುಟ್ಟಿದ್ದೇನೆ. ನಂಬರ್ ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ಅದಕ್ಕೆ ನಾಲ್ಕು ತಿಂಗಳು ನಿದ್ದೆಗೆಟ್ಟಿದ್ದೇನೆ.

ಕೊನೆಯದು ಟಾಲರೆನ್ಸ್. ನಾನು ಜಂಬಕ್ಕೆ 0.001 ಎಂಎಂ ಇಟ್ಟಿದ್ದೆ. 5 ಎಂಎಂ ರೇಡಿಯಸ್‌ನ ರಿಬ್ ಇರುವ ಕಡೆ ಅದಕ್ಕೇ ದಾರಿ 0.2 ಎಂಎಂನ ತುಂಡು ಗೆರೆಗಳಾಗಿ ಬರುತ್ತಿದ್ದದ್ದು. 0.005 ಮಾಡಿದೆ, ತುಂಡಿನ ಉದ್ದ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಮೇಲಿಂದ ಆರ್ಕ್ ಫಿಲ್ಟರ್ (ತುಂಡು ಗೆರೆಗಳನ್ನು ಸೇರಿಸಿ ಕಮಾನು ಮಾಡುವುದು) ಆನ್ ಮಾಡಿದೆ. ಇಲ್ಲೇ ಹದಿನೆಂಟು ಸಾವಿರದ ಪೆಟ್ಟು ಬಿತ್ತು. ದುಡ್ಡು ಕೊಟ್ಟು ತಂದ ಪೋಸ್ಟ್‌ನಲ್ಲಿ ಜಿ18 (ಎಕ್ಸ್-ಝಡ್) ಪ್ಲೇನ್‌ನ ಆರ್ಕ್ ದಿಕ್ಕು ಉಲ್ಟಾ ಇತ್ತು. ಜಿ2 (ಗಡಿಯಾರದ ದಿಕ್ಕು) ಇರಬೇಕಾದ ಕಡೆ ಜಿ3 (ಅದರ ವಿರುದ್ಧ). ಸಿಮ್ಯುಲೇಶನ್ ಟೂಲ್‌ಪಾತನ್ನು ತೋರಿಸುತ್ತೆ, ಪೋಸ್ಟ್ ಆದ ಕೋಡನ್ನಲ್ಲ ಅನ್ನುವುದು ಬ್ಲಾಕ್ ಹಾಳಾದ ಮೇಲೆ ತಲೆಗೆ ಹೋಯಿತು. ಪೋಸ್ಟ್ ಕೊಟ್ಟವರು ಫೋನ್ ಎತ್ತಲಿಲ್ಲ. ನಾನೇ ಫೈಲ್ ತೆರೆದು ತಿದ್ದಿದೆ. ಈಗ ಅರ್ಧ ಮೋಲ್ಡ್‌ಗೆ ಎರಡು ಗಂಟೆ ಹತ್ತು ನಿಮಿಷ, ಫೈಲ್ ಐದಾರು ಎಂಬಿ. ಗಂಟೆಗೆ 500 ರೂಪಾಯಿ ಅಂತ ಹಿಡಿದರೂ ಒಂದು ಮೋಲ್ಡ್‌ಗೆ ಮೂರು ಸಾವಿರದ ಮೇಲೆ ಉಳಿತಾಯ. ಪಾಲಿಶ್ ದುಡ್ಡು ಬೇರೆ.

ಇದನ್ನೇ ಬೊಮ್ಮಸಂದ್ರದ ನನ್ನ ಭಾವಮೈದನಿಗೆ ಹೇಳಿ ಮರ್ಯಾದೆ ಕಳೆದುಕೊಂಡೆ. ಅವನದು ಸೀಮೆನ್ಸ್ 828ಡಿ ಕಂಟ್ರೋಲ್. ನನ್ನ ಸೆಟ್ಟಿಂಗ್ ಹಾಕಿದ್ದಕ್ಕೆ ಫಿನಿಶ್ ಮೊದಲಿಗಿಂತ ಕೆಟ್ಟಿತು. "ಭಾವ, ನಿಮ್ಮ ಪಾಠ ನಿಮ್ಮ ಹತ್ರಾನೇ ಇರಲಿ" ಅಂದ. ಆ ಕಂಟ್ರೋಲ್‌ನ ಕಂಪ್ರೆಸರ್‌ಗೆ (ಗಾಳಿಯದಲ್ಲ, ಕೋಡ್ ಲೈನ್‌ಗಳನ್ನು ಒಟ್ಟು ಮಾಡುವುದು) ಬೇಕಿರುವುದು ಸಣ್ಣ ಸಣ್ಣ ಜಿ1 (ನೇರ ಗೆರೆ). ಅವುಗಳ ಮೇಲೆ ತನ್ನದೇ ನುಣುಪಾದ ಕರ್ವ್ ಎಳೆದುಕೊಳ್ಳುತ್ತದೆ. ಮಧ್ಯೆ ಆರ್ಕ್ ತುರುಕಿದರೆ ಆ ಕೆಲಸ ಅಲ್ಲಿಗೇ ಮುರಿಯುತ್ತದೆ. ಆರ್ಕ್ ಆಫ್ ಮಾಡಿ, ಕ್ಯಾಮ್ ಟಾಲರೆನ್ಸ್ ಸಣ್ಣದಿಟ್ಟು, ಸೈಕಲ್832ರಲ್ಲಿ (ಆ ಕಂಟ್ರೋಲ್‌ನದೇ ಟಾಲರೆನ್ಸ್ ಕೊಡುವ ಜಾಗ) ಅದರ ಒಂದೂವರೆ ಪಟ್ಟು ಕೊಟ್ಟೆವು. ಕನ್ನಡಿ ಬಂತು. ನಿಜ ಹೇಳಬೇಕೆಂದರೆ ನನ್ನದಕ್ಕಿಂತ ಚೆನ್ನಾಗಿ ಬಂತು. ಹೊಟ್ಟೆ ಉರಿಯಿತು. ಕ್ಯಾಮ್ ಯಾವುದೇ ಇರಲಿ, ಕಂಟ್ರೋಲ್ ಜೊತೆ ಜಾತಕ ಕೂಡಬೇಕು ನೋಡಿ.

ಸುಮ್ನೆ ಕೂರಲಾರದೆ ಹಳೇ ರೂಟರ್‌ಗೆ (ಮರ ಕೆತ್ತುವ ಮೆಷಿನ್) ಲಿನಕ್ಸ್‌ಸಿಎನ್‌ಸಿ ಅನ್ನುವ ಉಚಿತ ಕಂಟ್ರೋಲ್ ಹಾಕಿ ಜಿ64 ಪಿ0.01ರಲ್ಲೂ (ಅದರ ಟಾಲರೆನ್ಸ್ ಕೋಡ್) ಓಡಿಸಿದೆ. ಫ್ರೀಕ್ಯಾಡ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲೇ ಟೂಲ್‌ಪಾತ್. ಮರದ ಮೇಲೆ ಬಾಟಲಿ ಚೆಂದವಾಗಿ ಬಂತು. ಅದನ್ನು ಮಗಳು ಪೆನ್ ಸ್ಟ್ಯಾಂಡ್ ಮಾಡಿಕೊಂಡಿದ್ದಾಳೆ.

ನನ್ನ ಮೋಲ್ಡ್‌ನಲ್ಲಿ ಈಗಲೂ ಝಡ್ (ಮೇಲೆ-ಕೆಳಗೆ) ದಿಕ್ಕು ತಿರುಗುವ ಕಡೆ ಒಂದು ಸಣ್ಣ ಗೆರೆ ಉಳಿಯುತ್ತದೆ. ಅದು ಬ್ಯಾಕ್‌ಲ್ಯಾಷ್ (ಟೂಲನ್ನು ಸರಿಸುವ ಬಾಲ್‌ಸ್ಕ್ರೂನ ಸಡಿಲ), ಯಾವ ಸಾಫ್ಟ್‌ವೇರ್ ಹಾಕಿದರೂ ಹೋಗಲ್ಲ. ಬಾಲ್‌ಸ್ಕ್ರೂಗೆ ಕೊಟೇಶನ್ ಕೇಳಿದ್ದೇನೆ. ಅಲ್ಲಿಯವರೆಗೆ ಎಮರಿ ಪೇಪರ್, ಅರ್ಧ ಗಂಟೆ.