ಮೊಬೈಲ್ ಕ್ಯಾಮೆರಾದ ಚಿತ್ರವನ್ನು ಪರೀಕ್ಷಿಸುವ ಬಗೆ

ಮೊಬೈಲ್ ಕೊಳ್ಳುವಾಗ ಅದರ ಕ್ಯಾಮೆರಾ ಚೆನ್ನಾಗಿದೆಯೇ ಎಂದು ತಿಳಿಯಲು ಹೆಚ್ಚಿನವರು ಎರಡು ಕೆಲಸ ಮಾಡುತ್ತಾರೆ: ಪೆಟ್ಟಿಗೆಯ ಮೇಲಿನ ಮೆಗಾಪಿಕ್ಸೆಲ್ (ಹತ್ತು ಲಕ್ಷ ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕೆಗಳು) ಸಂಖ್ಯೆಯನ್ನು ಓದುತ್ತಾರೆ, ಅಂಗಡಿಯಲ್ಲೇ ಒಂದು ಫೋಟೊ ತೆಗೆದು ಅದನ್ನು ಅದೇ ಮೊಬೈಲಿನ ಪರದೆಯ ಮೇಲೆ ನೋಡುತ್ತಾರೆ. ಇವೆರಡರಿಂದಲೂ ಚಿತ್ರದ ಗುಣಮಟ್ಟ ತಿಳಿಯುವುದಿಲ್ಲ. 2400×1080 ಪಿಕ್ಸೆಲ್‌ಗಳ ಪರದೆಯನ್ನು ಅಡ್ಡವಾಗಿ ಹಿಡಿದು 12 ಮೆಗಾಪಿಕ್ಸೆಲ್‌ನ ಚಿತ್ರವನ್ನು ಪೂರ್ತಿಯಾಗಿ ನೋಡಿದರೆ ಅದಕ್ಕೆ ಸಿಗುವ ಜಾಗ 1440×1080, ಅಂದರೆ ಸುಮಾರು ಒಂದೂವರೆ ಮೆಗಾಪಿಕ್ಸೆಲ್ ಮಾತ್ರ. ಎಂಟು ಪಿಕ್ಸೆಲ್‌ಗಳ ಮಾಹಿತಿ ಒಂದರಲ್ಲಿ ಅಡಗಿಹೋದಾಗ ಸಣ್ಣಪುಟ್ಟ ಮಸುಕೂ ಅದರೊಂದಿಗೆ ಮರೆಯಾಗುತ್ತದೆ. ಇಂದಿನ ಪರದೆಗಳು ಬಣ್ಣವನ್ನೂ ಹೊಳಪನ್ನೂ ಎತ್ತಿ ತೋರಿಸುವುದರಿಂದ ಸಾಧಾರಣ ಚಿತ್ರವೂ ಅಲ್ಲಿ ಸೊಗಸಾಗಿ ಕಾಣುತ್ತದೆ.

ಆದ್ದರಿಂದ ಪರೀಕ್ಷೆಯ ಮೊದಲ ನಿಯಮವೆಂದರೆ ಮೂಲ ಕಡತವನ್ನೇ ಕಂಪ್ಯೂಟರಿಗೆ ತಂದು ನೂರು ಪ್ರತಿಶತ ಗಾತ್ರದಲ್ಲಿ, ಅಂದರೆ ಚಿತ್ರದ ಒಂದು ಪಿಕ್ಸೆಲ್ ಪರದೆಯ ಒಂದು ಪಿಕ್ಸೆಲ್ ಆಗುವಂತೆ ನೋಡುವುದು. ಕಡತವನ್ನು ಯುಎಸ್‌ಬಿ ಕೇಬಲ್‌ನಿಂದ ತರುವುದು ಒಳ್ಳೆಯದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಡಾಕ್ಯುಮೆಂಟ್ ಎಂದು ಕಳಿಸಬೇಕು. ನೂರು ಪ್ರತಿಶತಕ್ಕಿಂತ ಹೆಚ್ಚು ಹಿಗ್ಗಿಸಿ ನೋಡಿ ತೀರ್ಪು ಕೊಡಬಾರದು. ಆ ಮಟ್ಟದಲ್ಲಿ ಯಾವ ಕ್ಯಾಮೆರಾದ ಚಿತ್ರವೂ ಒಡೆದೇ ಕಾಣುತ್ತದೆ.

ಮೆಗಾಪಿಕ್ಸೆಲ್ ಸಂಖ್ಯೆಯ ವಿಷಯವನ್ನು ಇಲ್ಲಿಯೇ ಸ್ವಲ್ಪ ವಿವರವಾಗಿ ಹೇಳಬೇಕು. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ದೊರೆತ ವಿನ್ಯಾಸವೇ ಇಂದಿಗೂ ಬೆಳಕನ್ನು ಗ್ರಹಿಸಿ ಚಿತ್ರವಾಗಿಸುವ ಬಹುತೇಕ ಸೆನ್ಸರ್‌ಗಳ ಬುನಾದಿ: ಪ್ರತಿ ಪಿಕ್ಸೆಲ್ ಮೇಲೆ ಕೆಂಪು, ಹಸಿರು, ನೀಲಿಗಳಲ್ಲಿ ಒಂದೇ ಬಣ್ಣದ ಶೋಧಕವಿದ್ದು, ಉಳಿದೆರಡು ಬಣ್ಣಗಳನ್ನು ನೆರೆಯ ಪಿಕ್ಸೆಲ್‌ಗಳಿಂದ ಲೆಕ್ಕ ಹಾಕಲಾಗುತ್ತದೆ. 50 ಮೆಗಾಪಿಕ್ಸೆಲ್‌ನ ಹಲವು ಸೆನ್ಸರ್‌ಗಳಲ್ಲಿ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ ಬಣ್ಣವಿರುತ್ತದೆ. ಸಾಮಾನ್ಯ ಬಳಕೆಯಲ್ಲಿ ಆ ನಾಲ್ಕನ್ನೂ ಕೂಡಿಸಿ 12.5 ಮೆಗಾಪಿಕ್ಸೆಲ್‌ನ ಚಿತ್ರ ಹೊರಬರುತ್ತದೆ. 108 ಇದ್ದರೆ ಒಂಬತ್ತನ್ನು, 200 ಇದ್ದರೆ ಹದಿನಾರನ್ನು ಕೂಡಿಸಿ ಮತ್ತೆ ಹನ್ನೆರಡರ ಆಸುಪಾಸಿಗೇ ಬಂದು ನಿಲ್ಲುವುದು ವಾಡಿಕೆ. ಇದಕ್ಕೆ ಬೆಳಕಿನ ಸ್ವಭಾವವೂ ಕಾರಣ. ಎಫ್/1.8 ದ್ವಾರದ (ಬೆಳಕು ಒಳಬರುವ ಕಿಂಡಿಯ ಅಳತೆ) ಲೆನ್ಸ್ ಎಷ್ಟೇ ದೋಷರಹಿತವಾಗಿದ್ದರೂ ಹಸಿರು ಬೆಳಕಿನ ಒಂದು ಬಿಂದು ಸೆನ್ಸರ್ ಮೇಲೆ ಸುಮಾರು 2.4 ಮೈಕ್ರೋಮೀಟರ್ ಅಗಲದ ಮಚ್ಚೆಯಾಗಿ ಬೀಳುತ್ತದೆ. 200 ಮೆಗಾಪಿಕ್ಸೆಲ್ ಸೆನ್ಸರ್‌ನ ಒಂದು ಪಿಕ್ಸೆಲ್ ಸುಮಾರು 0.6 ಮೈಕ್ರೋಮೀಟರ್ ಇರುವುದರಿಂದ ಆ ಒಂದು ಬಿಂದುವೇ ನಾಲ್ಕು ಪಿಕ್ಸೆಲ್‌ಗಳ ಅಗಲಕ್ಕೆ ಹರಡಿಕೊಳ್ಳುತ್ತದೆ. ದೊಡ್ಡ ಸಂಖ್ಯೆಯಿಂದ ಒಳ್ಳೆಯ ಬಿಸಿಲಿನಲ್ಲಿ ಸ್ವಲ್ಪ ಲಾಭವಿದೆ. ಆದರೆ ಸಂಖ್ಯೆ ನಾಲ್ಕು ಪಟ್ಟಾದರೆ ವಿವರವೂ ನಾಲ್ಕು ಪಟ್ಟಾಗುತ್ತದೆ ಎಂದು ತಿಳಿಯುವುದು ಸರಿಯಲ್ಲ.

ಇನ್ನು ಮುಖ್ಯ ವಿಷಯ. ಚಿತ್ರ ಹರಿತವಾಗಿ ಕಾಣುವುದು ಬೇರೆ, ಚಿತ್ರದಲ್ಲಿ ವಿವರ ಇರುವುದು ಬೇರೆ. ಎರಡು ಬಣ್ಣಗಳು ಸೇರುವ ಅಂಚಿನಲ್ಲಿ ಕಪ್ಪನ್ನು ಇನ್ನಷ್ಟು ಕಪ್ಪಾಗಿಸಿ, ಬಿಳಿಯನ್ನು ಇನ್ನಷ್ಟು ಬಿಳಿಯಾಗಿಸಿದರೆ ನಮ್ಮ ಕಣ್ಣಿಗೆ ಅದು ಹರಿತವೆನಿಸುತ್ತದೆ. ಮೊಬೈಲಿನ ತಂತ್ರಾಂಶ ಈ ಕೆಲಸವನ್ನು ಪ್ರತಿ ಚಿತ್ರದಲ್ಲೂ ಮಾಡುತ್ತದೆ, ಮಿತಿಯಲ್ಲಿದ್ದರೆ ತೊಂದರೆಯಿಲ್ಲ. ಮಿತಿ ಮೀರಿದಾಗ ಆಕಾಶಕ್ಕೆದುರಾಗಿ ನಿಂತ ಮರದ ಕೊಂಬೆ, ವಿದ್ಯುತ್ ತಂತಿ, ಹೆಂಚಿನ ಮಾಡಿನ ಅಂಚುಗಳ ಸುತ್ತ ತೆಳುವಾದ ಬಿಳಿ ಗೆರೆಯೊಂದು ಮೂಡುತ್ತದೆ. ಈ ಗೆರೆ ಎದ್ದು ಕಂಡರೆ ಆ ಹರಿತವು ಲೆನ್ಸ್ ಕೊಟ್ಟದ್ದಲ್ಲ, ತಂತ್ರಾಂಶ ಬರೆದದ್ದು ಎಂದು ತಿಳಿಯಬೇಕು.

ನಿಜವಾದ ವಿವರವನ್ನು ಹುಡುಕಬೇಕಾದದ್ದು ಬಣ್ಣದ ಅಂತರ ಕಡಿಮೆ ಇರುವ ಕಡೆಯಲ್ಲಿ: ಒಂದೇ ಬಣ್ಣದ ಹತ್ತಿ ಬಟ್ಟೆಯ ನೇಯ್ಗೆ, ಹಸಿರು ಹುಲ್ಲಿನ ಎಸಳುಗಳು, ಕಪ್ಪು ಕೂದಲಿನ ಎಳೆಗಳು, ಸುಣ್ಣ ಬಳಿದ ಗೋಡೆಯ ಒರಟುತನ, ಮುಖದ ಚರ್ಮದ ಸೂಕ್ಷ್ಮ ರಂಧ್ರಗಳು. ನಾಯ್ಸ್, ಅಂದರೆ ಚಿತ್ರದಲ್ಲಿ ಮೂಡುವ ಬೇಡದ ಕಾಳುಕಾಳು ಚುಕ್ಕೆಗಳನ್ನು, ತೆಗೆಯುವ ತಂತ್ರಾಂಶಕ್ಕೆ ಇಂಥ ನವಿರಾದ ವಿವರಕ್ಕೂ ನಾಯ್ಸ್‌ಗೂ ವ್ಯತ್ಯಾಸ ತಿಳಿಯುವುದು ಕಷ್ಟ. ಹೀಗಾಗಿ ಅಳಿಸುವಾಗ ಅದು ಮೊದಲು ಅಳಿಸುವುದು ಇವನ್ನೇ. ದುರ್ಬಲ ಕ್ಯಾಮೆರಾದ ಚಿತ್ರದಲ್ಲಿ ಕಟ್ಟಡದ ಅಂಚುಗಳು ಹರಿತವಾಗಿದ್ದು, ಪಕ್ಕದ ಹುಲ್ಲುಹಾಸು ಮಾತ್ರ ಜಲವರ್ಣದ ಚಿತ್ರದಂತೆ ಕಲಸಿಹೋಗಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಒಂದೇ ಪರೀಕ್ಷೆಗೆ ಸಮಯವಿದ್ದರೆ ಮಾಡಬೇಕಾದದ್ದು ಇದನ್ನೇ: ಹುಲ್ಲು ಅಥವಾ ಕೂದಲಿರುವ ಚಿತ್ರ ತೆಗೆದು ಆ ಜಾಗವನ್ನು ನೂರು ಪ್ರತಿಶತದಲ್ಲಿ ನೋಡುವುದು.

ಚಿತ್ರ ತೆಗೆಯುವ ಮುನ್ನ ಲೆನ್ಸನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಬೇಕು. ಬೆರಳಿನ ಜಿಡ್ಡು ಅಂಟಿದ ಲೆನ್ಸ್ ದೀಪಗಳ ಸುತ್ತ ಬೆಳಕಿನ ಗೀರುಗಳನ್ನೂ ಚಿತ್ರದ ತುಂಬ ತೆಳು ಮಂಜನ್ನೂ ತರುತ್ತದೆ. ದುರಸ್ತಿಗೆಂದು ಒಯ್ಯುವ ಎಷ್ಟೋ ಕ್ಯಾಮೆರಾಗಳಿಗೆ ಬೇಕಾಗಿರುವುದು ಇಷ್ಟೇ. ಲೆನ್ಸ್ ಮೇಲೆ ಅಂಟಿಸಿದ ರಕ್ಷಣಾ ಗಾಜು ಇದ್ದರೆ ತೆಗೆಯಬೇಕು. ಸೌಂದರ್ಯವರ್ಧಕ ಆಯ್ಕೆ ಮತ್ತು ಫಿಲ್ಟರ್‌ಗಳನ್ನು ಮುಚ್ಚಬೇಕು. ಮೊಬೈಲನ್ನು ಟ್ರೈಪಾಡ್ ಅಥವಾ ಪುಸ್ತಕಗಳ ಆಸರೆಯಲ್ಲಿ ನಿಲ್ಲಿಸಿ, ಟೈಮರ್ ಇಟ್ಟು, ಬೇಕಾದ ಜಾಗವನ್ನು ಪರದೆಯ ಮೇಲೆ ಮುಟ್ಟಿ ಫೋಕಸ್ ಮಾಡಬೇಕು. ಒಂದೇ ದೃಶ್ಯವನ್ನು ನಾಲ್ಕೈದು ಬಾರಿ ತೆಗೆಯುವುದು ಅಗತ್ಯ. ಒಮ್ಮೆ ಫೋಕಸ್ ತಪ್ಪಿದರೆ ಅದು ಆಕಸ್ಮಿಕ. ಐದರಲ್ಲಿ ಮೂರು ಬಾರಿ ತಪ್ಪಿದರೆ ಅದು ಕ್ಯಾಮೆರಾದ ಗುಣ.

ಪ್ರಯೋಗಾಲಯಗಳಲ್ಲಿ ಲೆನ್ಸ್ ಮತ್ತು ಸೆನ್ಸರ್‌ಗಳ ಸಾಮರ್ಥ್ಯವನ್ನು ಐಎಸ್ಒ 12233 ಎಂಬ ಮಾನದಂಡದ ನಕ್ಷೆಗಳಿಂದ ಅಳೆಯುತ್ತಾರೆ. ಮನೆಯಲ್ಲಿ ಆ ಕೆಲಸಕ್ಕೆ ದಿನಪತ್ರಿಕೆ ಸಾಕು. ಸಣ್ಣ ಅಕ್ಷರಗಳ ವರ್ಗೀಕೃತ ಜಾಹೀರಾತು ಪುಟಗಳನ್ನು ಗೋಡೆಯ ಮೇಲೆ, ಚೌಕಟ್ಟಿನ ನಡುವೆ ಒಂದು, ನಾಲ್ಕು ಮೂಲೆಗಳಲ್ಲಿ ನಾಲ್ಕು ಬರುವಂತೆ ಅಂಟಿಸಿ, ಹಗಲು ಬೆಳಕಿನಲ್ಲಿ ಮೊಬೈಲನ್ನು ಗೋಡೆಗೆ ನೇರ ಸಮಾನಾಂತರವಾಗಿ ನಿಲ್ಲಿಸಿ ಚಿತ್ರ ತೆಗೆಯಬೇಕು. ಕನ್ನಡದ ಒತ್ತಕ್ಷರಗಳು ಇಲ್ಲಿ ತುಂಬ ಉಪಯುಕ್ತ. ‘ತ್ಯ’, ‘ಕ್ಷ್ಮ’ ಮುಂತಾದವುಗಳ ಒಳಗಿನ ಸಣ್ಣ ಬಿಳಿ ಜಾಗಗಳು ನಡುವಿನ ಪುಟದಲ್ಲಿ ತೆರೆದುಕೊಂಡಿದ್ದು ಮೂಲೆಗಳಲ್ಲಿ ತುಂಬಿಹೋಗಿದ್ದರೆ, ಲೆನ್ಸ್‌ನ ಅಂಚು ಎಷ್ಟು ದುರ್ಬಲ ಎಂಬುದು ಅಳತೆಯಿಲ್ಲದೆಯೇ ತಿಳಿಯುತ್ತದೆ. ನಾಲ್ಕೂ ಮೂಲೆಗಳು ಸಮನಾಗಿ ಸ್ವಲ್ಪ ಮಸುಕಾಗಿರುವುದು ಸಹಜ. ಒಂದೇ ಬದಿ ಮಸುಕಾಗಿದ್ದರೆ ಮೊಬೈಲನ್ನು ತಲೆಕೆಳಗಾಗಿಸಿ ಇನ್ನೊಮ್ಮೆ ತೆಗೆಯಿರಿ: ಮಸುಕು ಗೋಡೆಯ ಅದೇ ಬದಿಯಲ್ಲಿ ಉಳಿದರೆ ನೀವು ಮೊಬೈಲ್ ನಿಲ್ಲಿಸಿದ ಕೋನ ತಪ್ಪಿದೆ, ಗೋಡೆಯ ಇನ್ನೊಂದು ಬದಿಗೆ ಹೋದರೆ ಲೆನ್ಸ್ ಓರೆಯಾಗಿ ಕೂತಿದೆ. ಎರಡನೆಯದಾದರೆ ಮೊಬೈಲ್ ಬದಲಿಸಿಕೊಡಲು ಕೇಳುವುದಕ್ಕೆ ಅದು ತಕ್ಕ ಕಾರಣ. ಆದರೆ ಅಚ್ಚಿನ ಅಕ್ಷರದಲ್ಲಿ ಕಪ್ಪು-ಬಿಳಿಯ ಅಂತರ ಬಹಳ ಇರುವುದರಿಂದ ತಂತ್ರಾಂಶ ಅದನ್ನು ಸುಲಭವಾಗಿ ಹರಿತಗೊಳಿಸಬಲ್ಲದು. ಅದಕ್ಕಾಗಿಯೇ ಪತ್ರಿಕೆಯ ಪರೀಕ್ಷೆಯನ್ನು ಹುಲ್ಲಿನ ಪರೀಕ್ಷೆಯೊಂದಿಗೆ ಸೇರಿಸಿಯೇ ನೋಡಬೇಕು.

ಮಸುಕು ಕಂಡಾಗ ಅದರ ಬಗೆಯನ್ನು ಗುರುತಿಸಬೇಕು. ಬೇಕಾದ ವಸ್ತು ಮಸುಕಾಗಿ ಅದರ ಹಿಂದಿನದೋ ಮುಂದಿನದೋ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಚಿತ್ರವಿಡೀ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ಕೈ ಅಲುಗಿದೆ. ಹಿನ್ನೆಲೆ ಸ್ಪಷ್ಟವಾಗಿದ್ದು ಓಡುವ ಮಗುವಿನ ಕೈಕಾಲು ಮಾತ್ರ ಕಲಸಿದ್ದರೆ ಶಟರ್ ಹೆಚ್ಚು ಹೊತ್ತು ತೆರೆದಿತ್ತು. ಕೈ ಅಲುಗಿದಾಗ ಲೆನ್ಸನ್ನೋ ಸೆನ್ಸರನ್ನೋ ಅದಕ್ಕೆದುರಾಗಿ ಸರಿಸಿ ಚಿತ್ರವನ್ನು ಸ್ಥಿರವಾಗಿಡುವ ಓಐಎಸ್ ವ್ಯವಸ್ಥೆ ನಿಮ್ಮ ಕೈಯ ನಡುಕವನ್ನು ಸರಿಪಡಿಸುತ್ತದೆಯೇ ಹೊರತು ಮಗುವಿನ ಓಟವನ್ನು ತಡೆಯಲಾರದು. ಗ್ಯಾಲರಿಯಲ್ಲಿ ಚಿತ್ರದ ವಿವರಗಳನ್ನು ತೆರೆದರೆ ಶಟರ್ ವೇಗ (ಬೆಳಕನ್ನು ಒಳಬಿಟ್ಟ ಹೊತ್ತು) ಮತ್ತು ಐಎಸ್ಒ ಸಂಖ್ಯೆ (ಇಲ್ಲಿ ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಎಂಬುದರ ಅಳತೆ) ಸಿಗುತ್ತವೆ. ಮನೆಯೊಳಗೆ ಓಡಾಡುವ ಮಕ್ಕಳ ಚಿತ್ರಕ್ಕೆ 1/125 ಸೆಕೆಂಡಿನ ಆಸುಪಾಸು ಬೇಕಾಗುತ್ತದೆ. ಕ್ಯಾಮೆರಾ ಅಲ್ಲಿ 1/20 ಅನ್ನು ಆರಿಸಿದ್ದರೆ ದೋಷ ಲೆನ್ಸ್‌ನದ್ದಲ್ಲ.

ಹಗಲಿನಲ್ಲಿ ಎಲ್ಲ ಮೊಬೈಲ್‌ಗಳೂ ಹೆಚ್ಚುಕಡಿಮೆ ಚೆನ್ನಾಗಿಯೇ ತೆಗೆಯುತ್ತವೆ. ನಿಜವಾದ ಅಂತರ ಕಾಣುವುದು ಸಂಜೆಯ ನಂತರ, ಒಂದು ದೀಪ ಉರಿಯುವ ಕೋಣೆಯಲ್ಲಿ. ಕಡು ನೀಲಿ ಅಥವಾ ಕಂದು ಬಣ್ಣದ ಬಟ್ಟೆಯನ್ನೂ ಒಬ್ಬ ವ್ಯಕ್ತಿಯ ಮುಖವನ್ನೂ ಅಲ್ಲಿ ತೆಗೆದು ನೋಡಿ. ಸಣ್ಣ ಕಾಳುಗಳಂಥ ನಾಯ್ಸ್ ಉಳಿದಿದ್ದರೂ ಬಟ್ಟೆಯ ನೇಯ್ಗೆ ಕಾಣುತ್ತಿದ್ದರೆ ಅದು ಒಳ್ಳೆಯ ಚಿತ್ರವೇ. ನೆರಳಿನಲ್ಲಿ ಹಸಿರು, ನೇರಳೆ ಬಣ್ಣದ ಕಲೆಗಳು ಹರಡಿದ್ದರೆ ಅಥವಾ ಮುಖ ಮೇಣ ಸವರಿದಷ್ಟು ನುಣುಪಾಗಿದ್ದರೆ ಅಲ್ಲ. ಎಲ್‌ಇಡಿ ಬೆಳಕಿನಲ್ಲಿ ಚಿತ್ರದ ಮೇಲೆ ಪಟ್ಟಿಗಳು ಮೂಡಿದರೆ ಗಾಬರಿಯಾಗಬೇಕಿಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಅಳತೆಗಳನ್ನು ನಾವೇ ಹೊಂದಿಸಬಹುದಾದ ಪ್ರೊ ಮೋಡಿನಲ್ಲಿ ಶಟರನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟಿಗಳು ಹೋಗುತ್ತವೆ.

ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಇರುವ ಮೊಬೈಲಾದರೆ ಮಂದ ಬೆಳಕಿನಲ್ಲಿ ಜೂಮ್ ಮಾಡಿ ಆ ಲೆನ್ಸನ್ನು ಬೆರಳಿನಿಂದ ಮುಚ್ಚಿ ನೋಡಬೇಕು. ಪರದೆ ಕಪ್ಪಾಗದಿದ್ದರೆ ಕ್ಯಾಮೆರಾ ಟೆಲಿಯನ್ನು ಬಿಟ್ಟು ಮುಖ್ಯ ಲೆನ್ಸ್‌ನ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತಿದೆ. ಬಹಳ ಹತ್ತಿರದ ಹೂವು, ಕೀಟಗಳ ಚಿತ್ರದಲ್ಲೂ ಹೀಗೆಯೇ ಹಲವು ಮೊಬೈಲ್‌ಗಳು ತಾವಾಗಿ ಅಗಲವಾದ ದೃಶ್ಯ ಹಿಡಿಯುವ ಅಲ್ಟ್ರಾವೈಡ್ ಲೆನ್ಸ್‌ಗೆ ಬದಲಾಗುತ್ತವೆ. ಹೆಚ್ಚಿನ ಜೂಮ್‌ನಲ್ಲಿ ದೂರದ ನಾಮಫಲಕವೊಂದನ್ನು ತೆಗೆದು, ಹತ್ತಿರ ಹೋಗಿ ಫಲಕವನ್ನು ಓದಿ, ಚಿತ್ರದೊಂದಿಗೆ ಹೋಲಿಸಿರಿ. ಕೃತಕ ಬುದ್ಧಿಮತ್ತೆಯ ತಂತ್ರಾಂಶವು ಕಾಣದ ಭಾಗವನ್ನು ಊಹಿಸಿ ತುಂಬಿದಾಗ ಅಕ್ಷರಗಳು ಹರಿತವಾಗಿದ್ದರೂ ಯಾವ ಲಿಪಿಗೂ ಸೇರದ ಆಕಾರ ತಾಳಿರುತ್ತವೆ. ದಾಖಲೆಗಾಗಿ ಚಿತ್ರ ತೆಗೆಯುವವರಿಗೆ, ಉದಾಹರಣೆಗೆ ಶಾಸನವನ್ನೋ ಹಳೆಯ ಪತ್ರವನ್ನೋ ತೆಗೆಯುವವರಿಗೆ, ಇದು ಮಸುಕಿಗಿಂತ ಅಪಾಯಕಾರಿ.

ಎರಡು ಮೊಬೈಲ್‌ಗಳನ್ನು ಹೋಲಿಸುವಾಗ ಒಂದರ ಚಿತ್ರ 12, ಇನ್ನೊಂದರದು 50 ಮೆಗಾಪಿಕ್ಸೆಲ್ ಇದ್ದರೆ ನೂರು ಪ್ರತಿಶತದಲ್ಲಿ ನೋಡುವುದು ನ್ಯಾಯವಲ್ಲ. ದೊಡ್ಡದನ್ನು ಚಿಕ್ಕದರ ಅಳತೆಗೆ ಇಳಿಸಿ ಅಕ್ಕಪಕ್ಕ ಇಡಬೇಕು. ಹೊಳಪು ಹೆಚ್ಚಿರುವ ಚಿತ್ರವೇ ಹರಿತವೆಂದು ಕಣ್ಣು ಮೋಸಹೋಗುವುದರಿಂದ ಎರಡರ ಹೊಳಪನ್ನೂ ಮೊದಲು ಸಮ ಮಾಡಿಕೊಳ್ಳಬೇಕು. ಕಡತಗಳ ಹೆಸರನ್ನು ಮನೆಯ ಇನ್ನೊಬ್ಬರಿಂದ ಬದಲಿಸಿಸಿ, ಯಾವುದು ಯಾವ ಮೊಬೈಲಿನದೆಂದು ತಿಳಿಯದೆಯೇ ಆರಿಸಿ, ಆಮೇಲೆ ಹೆಸರು ನೋಡಬೇಕು.