ಇಂಗ್ಲೆಂಡಿನಲ್ಲಿ ಓದುತ್ತಾ ಮಕ್ಕಳ ಜೊತೆ ಸ್ವಯಂಸೇವೆ: ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಬರುವವರಿಗೆ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಮಾಸ್ಟರ್ಸ್ ಮಾಡಲು ಬಂದ ಹುಡುಗ ಹುಡುಗಿಯರು ನಮ್ಮ ಮನೆಗೆ ಊಟಕ್ಕೆ ಬಂದಾಗ ಒಬ್ಬರಾದರೂ ಕೇಳುತ್ತಾರೆ: "ಕಾಕಾ, ಇಲ್ಲೆ ಬಡ ಮಕ್ಕಳಿಗೆ ಪಾಠ ಹೇಳಿಕೊಡಬೇಕಂದ್ರ ಎಲ್ಲಿ ಹೋಗಬೇಕ್ರಿ?" ಊರಲ್ಲಿ ಮಾಡಿ ರೂಢಿ ಇರುತ್ತದೆ. ಸಿದ್ಧಾರೂಢ ಮಠದ ಜಾತ್ರೆಯಲ್ಲಿ ಪ್ರಸಾದ ಬಡಿಸಲು ನಿಂತರೆ ಯಾರೂ ಆಧಾರ್ ಕಾರ್ಡ್ ಕೇಳುವುದಿಲ್ಲ. ಓಣಿಯ ಕನ್ನಡ ಶಾಲೆಯ ಹೆಡ್ ಮಾಸ್ತರರಿಗೆ ಒಂದು ಮಾತು ಹೇಳಿದರೆ ಶನಿವಾರ ಗಣಿತ ಹೇಳಿಕೊಡಬಹುದು. ಇಲ್ಲಿ ಹಾಗಲ್ಲ. ಮಕ್ಕಳ ಮುಖ ನೋಡುವ ಮೊದಲು ವಾರಗಟ್ಟಲೆ ಕಾಗದಪತ್ರದಲ್ಲೇ ಹೋಗುತ್ತದೆ. ಆದ್ದರಿಂದ ಸೆಪ್ಟೆಂಬರಿನಲ್ಲಿ ಬಂದವರು ಸೆಪ್ಟೆಂಬರಿನಲ್ಲೇ ನಿಮ್ಮ ಯೂನಿವರ್ಸಿಟಿಯ ಸ್ಟೂಡೆಂಟ್ಸ್ ಯೂನಿಯನ್‌ನಲ್ಲಿ ವಿಚಾರಿಸಿ. ಹೋಮ್‌ವರ್ಕ್ ಕ್ಲಬ್, ಬ್ರೇಕ್‌ಫಾಸ್ಟ್ ಕ್ಲಬ್ ನಡೆಸುವ ಸಂಸ್ಥೆಗಳ ಪಟ್ಟಿ ಅವರ ಬಳಿ ಸಾಮಾನ್ಯವಾಗಿ ಇರುತ್ತದೆ. ಕೋರ್ಸ್ ಇರುವುದೇ ಒಂದು ವರ್ಷ. ಕ್ರಿಸ್‌ಮಸ್ ಆಗಲಿ ನೋಡೋಣ ಅಂದವರು ಕೊನೆಗೆ ಹೋಗುವುದೇ ಇಲ್ಲ.

ಕಾಗದಪತ್ರ ಅಂದರೆ ಮುಖ್ಯವಾಗಿ ಡಿಬಿಎಸ್ (ಡಿಸ್‌ಕ್ಲೋಷರ್ ಅಂಡ್ ಬಾರಿಂಗ್ ಸರ್ವೀಸ್ ಎಂಬ ಸರ್ಕಾರಿ ಸಂಸ್ಥೆಯ) ಚೆಕ್. ನಿಮ್ಮ ಮೇಲೆ ಪೊಲೀಸ್ ದಾಖಲೆ ಇದೆಯಾ, ಮಕ್ಕಳ ಜೊತೆ ಕೆಲಸ ಮಾಡದಂತೆ ನಿಷೇಧ ಇದೆಯಾ ಅಂತ ನೋಡುತ್ತಾರೆ. "ನಮ್ಮ ಮೇಲೆ ಯಾಕ್ರೀ ಅನುಮಾನ?" ಅಂತ ಬೇಜಾರಾಗಬೇಡಿ. 2002ರಲ್ಲಿ ಸೋಹಮ್ ಎಂಬ ಊರಿನಲ್ಲಿ ಹತ್ತು ವರ್ಷದ ಇಬ್ಬರು ಹುಡುಗಿಯರನ್ನು ಅಲ್ಲಿನ ಹೈಸ್ಕೂಲಿನ ಕೇರ್‌ಟೇಕರ್ ಕೊಂದ. ಅವನ ಮೇಲೆ ಹಿಂದೆ ಬೇರೆ ಕಡೆಯ ಪೊಲೀಸರ ಬಳಿ ದೂರುಗಳಿದ್ದವು. ಕೆಲಸಕ್ಕೆ ತೆಗೆದುಕೊಳ್ಳುವಾಗ ಒಂದೂ ಹೊರಬರಲಿಲ್ಲ. ಆಮೇಲೆ 2006ರಲ್ಲಿ ಹೊಸ ಕಾನೂನು ಬಂತು, 2012ರಲ್ಲಿ ಡಿಬಿಎಸ್ ಎಂಬ ಸಂಸ್ಥೆಯೇ ಆಯಿತು. ಈಗ ಮಂತ್ರಿಯ ಮಗನಾದರೂ ಚೆಕ್ ತಪ್ಪದು.

ಮಕ್ಕಳ ಕೆಲಸಕ್ಕೆ ಬೇಕಾಗುವ, ಹೆಚ್ಚು ಆಳವಾಗಿ ನೋಡುವ ಎನ್‌ಹ್ಯಾನ್ಸ್ಡ್ ಚೆಕ್ಕಿಗೆ ನೀವೇ ಅರ್ಜಿ ಹಾಕಲು ಬರುವುದಿಲ್ಲ, ಸಂಸ್ಥೆಯೇ ಹಾಕಿಸುತ್ತದೆ. ಸ್ವಯಂಸೇವಕರಿಗೆ ಸರ್ಕಾರದ ಶುಲ್ಕವಿಲ್ಲ. ಕಷ್ಟ ಇರುವುದು ಫಾರ್ಮಿನಲ್ಲಿ. ಹಿಂದಿನ ಐದು ವರ್ಷ ಎಲ್ಲೆಲ್ಲಿ ಇದ್ದಿರಿ ಅಂತ ಒಂದು ತಿಂಗಳೂ ಬಿಡದೆ ಬರೆಯಬೇಕು. ವಿದ್ಯಾನಗರದ ಹಾಸ್ಟೆಲ್, ಸಪ್ತಾಪುರದ ಪಿಜಿ, ನಡುವೆ ಬೆಂಗಳೂರಿನಲ್ಲಿ ಗೆಳೆಯನ ರೂಮು, ಎಲ್ಲ! ಊರು ಬಿಡುವ ಮೊದಲೇ ಪಿನ್‌ಕೋಡ್ ಸಮೇತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಇರಲಿ. ನಮ್ಮಲ್ಲಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಬ್ಯಾಂಕಿನಲ್ಲಿ ಮನೆತನದ ಹೆಸರು ಇರುವುದು ಜಾಸ್ತಿ ಅಲ್ವಾ, ಅದೇ ತೊಡಕು.

ಇನ್ನೊಂದು ವಿಷಯ. ಡಿಬಿಎಸ್‌ಗೆ ಭಾರತದ ದಾಖಲೆ ಕಾಣುವುದಿಲ್ಲ. ಹಾಗಾಗಿ ಹೊಸದಾಗಿ ಬಂದವರಿಂದ ಅನೇಕ ಸಂಸ್ಥೆಗಳು ಊರಿನ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ಪಿಸಿಸಿ ಕೇಳುತ್ತವೆ. ಅದನ್ನು ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಮಾಡಿಸಬಹುದು. ಇಲ್ಲಿಗೆ ಬಂದ ಮೇಲೆ ಭಾರತದ ಹೈಕಮಿಷನ್ ಮೂಲಕ ತರಿಸುವುದು ಸುಮ್ನೆ ತಲೆನೋವು. ತೀರಾ ಹಳೆಯದಾದರೆ ಒಪ್ಪುವುದಿಲ್ಲ, ಹೊರಡುವ ಹೊತ್ತಿಗೆ ಮಾಡಿಸಿ.

ವೀಸಾ ಮರೆಯಬೇಡಿ. ಡಿಗ್ರಿ ಓದುವವರಿಗೆ ಯೂನಿವರ್ಸಿಟಿಯ ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ. ನಿಮಗೆ ಅನುಕೂಲವಾದಾಗ ಬಂದು ಸಹಾಯ ಮಾಡುವ ಸೇವೆ ಅದರಲ್ಲಿ ಸೇರುವುದಿಲ್ಲ. ಆದರೆ ಒಪ್ಪಂದ ಮಾಡಿಕೊಂಡು ಇಷ್ಟು ಹೊತ್ತು ಬರಲೇಬೇಕು ಅಂತಿದ್ದರೆ, ಸಂಬಳವಿಲ್ಲದಿದ್ದರೂ ಅದು ಆ 20ರಲ್ಲೇ ಎಣಿಕೆಯಾಗುತ್ತದೆ. ಹೋಟೆಲಿನಲ್ಲಿ 20 ಗಂಟೆ ದುಡಿಯುವವರು ಯೂನಿವರ್ಸಿಟಿಯ ವೀಸಾ ಆಫೀಸಿನಲ್ಲಿ ಕೇಳಿಯೇ ಸಹಿ ಹಾಕಿ.

ಇನ್ನು ಮಕ್ಕಳು. ಇಲ್ಲಿನ ಬಡತನ ನೋಡಿದ ಕೂಡಲೇ ತಿಳಿಯುವುದಿಲ್ಲ. ಮಗುವಿನ ಕಾಲಲ್ಲಿ ಶೂ ಇರುತ್ತದೆ, ಮನೆಯಲ್ಲಿ ಟಿವಿ ಇರುತ್ತದೆ. ಆದರೆ ಪ್ರೀಪೇಯ್ಡ್ ಮೀಟರಿಗೆ ದುಡ್ಡು ಹಾಕಲಾಗದೆ ಜನವರಿಯಲ್ಲಿ ಹೀಟರ್ ಆಫ್ ಆಗಿರುತ್ತದೆ. ನಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಎಲ್ಲ ಮಕ್ಕಳಿಗೂ ಉಂಟು. ಇಂಗ್ಲೆಂಡಿನಲ್ಲಿ ಎಲ್ಲರಿಗೂ ಉಚಿತ ಊಟ ಇರುವುದು ಮೊದಲ ಮೂರು ತರಗತಿಗೆ ಮಾತ್ರ, ಅದೂ 2014ರಿಂದ. ಮುಂದೆ, ಲಂಡನ್ನಿನಂಥ ಕೆಲವು ಕಡೆ ಬಿಟ್ಟರೆ, ಮನೆಯ ಆದಾಯ ನೋಡಿ ಕೊಡುತ್ತಾರೆ. ಕ್ಲಬ್ಬಿನಲ್ಲಿ ನಾಲ್ಕು ಬಿಸ್ಕತ್ತು ಕೊಟ್ಟರೆ ಎರಡನ್ನು ತಿಂದು, ಎರಡನ್ನು ಟಿಶ್ಯೂನಲ್ಲಿ ಸುತ್ತಿ ತಮ್ಮನಿಗೆ ಅಂತ ಜೇಬಿಗೆ ಹಾಕುವ ಹುಡುಗರಿದ್ದಾರೆ. ನೋಡಿಯೂ ನೋಡದ ಹಾಗೆ ಇರಿ. ಶಾಲೆಗೆ ರಜೆ ಬಂದರೆ ಆ ಒಂದು ಊಟವೂ ಇಲ್ಲ. ಅದಕ್ಕೇ ಬೇಸಿಗೆಯಲ್ಲಿ ಆಟ, ಊಟ ಎರಡೂ ಇರುವ ಹಾಲಿಡೇ ಕ್ಲಬ್‌ಗಳು ನಡೆಯುತ್ತವೆ. ಆಗ ನಿಮ್ಮಂಥವರು ಎಷ್ಟು ಜನ ಇದ್ದರೂ ಸಾಲದು.

ಇಂಗ್ಲಿಷ್ ಉಚ್ಚಾರದ ಬಗ್ಗೆ ಹೆದರುತ್ತೀರಿ, ಗೊತ್ತು. ನಿಮ್ಮ ಬಳಿ ಮಗ್ಗಿ ಇದೆ! ಇಲ್ಲಿ ಎಂಟೊಂಬತ್ತು ವರ್ಷದ ಮಕ್ಕಳಿಗೆ ಜೂನ್‌ನಲ್ಲಿ ಮಗ್ಗಿ ಪರೀಕ್ಷೆ: 25 ಪ್ರಶ್ನೆ, ಒಂದೊಂದಕ್ಕೆ ಆರು ಸೆಕೆಂಡು, 12ರ ಮಗ್ಗಿಯ ತನಕ. "ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು" ಅಂತ ರಾಗ ಎಳೆದು ಕಲಿತವರು ನೀವು. ಅದೇ ರಾಗಕ್ಕೆ ಇಂಗ್ಲಿಷ್ ಅಂಕಿ ಕೂರಿಸಿ, ಮೇಜು ಬಡಿಯುತ್ತಾ ಹೇಳಿಸಿ. ಓದಿಸುವಾಗ ಮಾತ್ರ ನಮ್ಮ ಎಬಿಸಿಡಿ ಪದ್ಧತಿ ಬೇಡ. ಇಲ್ಲಿ ಅಕ್ಷರದ ಹೆಸರಿಗಿಂತ ಮೊದಲು ಅದರ ಧ್ವನಿ ಕಲಿಸುತ್ತಾರೆ.

ಧಾರವಾಡ ಪೇಡೆಯ ಡಬ್ಬಿ ಮಕ್ಕಳ ಮುಂದೆ ತೆರೆಯಬೇಡಿ. ಯಾರಿಗೆ ಹಾಲು ಆಗುವುದಿಲ್ಲ, ಯಾರಿಗೆ ಶೇಂಗಾ ಆಗುವುದಿಲ್ಲ ಅನ್ನುವುದು ಸಂಸ್ಥೆಯವರಿಗೆ ಗೊತ್ತು, ನಿಮಗಲ್ಲ. (ಚಹಾ ಕುಡಿಯುವಾಗ ಸಿಬ್ಬಂದಿಗೆ ಕೊಡಿ, ಡಬ್ಬಿ ಖಾಲಿಯಾಗುತ್ತದೆ.) ಗಲ್ಲ ಹಿಂಡುವುದು, ತೊಡೆಯ ಮೇಲೆ ಕೂರಿಸಿಕೊಳ್ಳುವುದು, ಫೋಟೋ ತೆಗೆದು ಸ್ಟೇಟಸ್ ಹಾಕುವುದು ಯಾವುದೂ ಇಲ್ಲ. ಒಂದೇ ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಇರಬೇಡಿ. ಮಗು "ಯಾರಿಗೂ ಹೇಳಬೇಡ" ಅಂತ ಏನಾದರೂ ಹೇಳಲು ಬಂದರೆ ಮಾತು ಕೊಡಬೇಡಿ. ಸುಮ್ಮನೆ ಕೇಳಿಸಿಕೊಂಡು, ಮಕ್ಕಳ ಸುರಕ್ಷತೆ ನೋಡಿಕೊಳ್ಳುವವರಿಗೆ ಅಂದೇ ತಿಳಿಸಿ.

ಎಲ್ಲಕ್ಕಿಂತ ದೊಡ್ಡದು, ಹೇಳಿದ ದಿನ ಹೋಗುವುದು. ಬುಧವಾರ ಅಂದರೆ ಬುಧವಾರ. ಈ ಮಕ್ಕಳ ಬದುಕಿನಲ್ಲಿ ಬರುತ್ತೇನೆ ಅಂದು ಬಾರದವರು ಮೊದಲೇ ಬಹಳ ಜನ. ವಾರಕ್ಕೆ ಮೂರು ದಿನ ಒಪ್ಪಿಕೊಂಡು ಅಸೈನ್‌ಮೆಂಟ್ ಬಂದ ಕೂಡಲೇ ಮಾಯವಾಗುವುದಕ್ಕಿಂತ ಒಂದೇ ಸಂಜೆ ಸಾಕು. ಪರೀಕ್ಷೆ, ಊರಿನ ಟಿಕೆಟ್ ಇದ್ದರೆ ಮೊದಲೇ ಹೇಳಿ. ಕೋರ್ಸ್ ಮುಗಿದಾಗಲೂ ಎರಡು ಮೂರು ವಾರ ಮುಂಚೆ ಮಕ್ಕಳಿಗೆ ತಿಳಿಸಿ, ಇನ್‌ಸ್ಟಾಗ್ರಾಂ ಕೇಳಿದರೆ ಕೊಡಬೇಡಿ. ನಿಮ್ಮ ಕಾಲೇಜಿನ ಜೂನಿಯರ್ ಯಾರಾದರೂ ಇಲ್ಲಿಗೆ ಬರುವವರಿದ್ದರೆ ಕ್ಲಬ್ಬಿನ ವಿಳಾಸ ಕೊಟ್ಟು, ಪಿಸಿಸಿಯನ್ನು ಹುಬ್ಬಳ್ಳಿಯಲ್ಲೇ ಮಾಡಿಸಿಕೊಂಡು ಬರಲು ಹೇಳಿ.