ರಾಮನವಮಿ ಪಾನಕ, ಬೀದಿಗೆಲ್ಲ ಸಾಲುವಷ್ಟು

ರಾಮನವಮಿಗೆ ಹೋಳಿಗೆಯ ರಗಳೆ ಇಲ್ಲ, ಎಣ್ಣೆ ಬಾಣಲೆಯ ಮುಂದೆ ಬೇಯುವುದೂ ಇಲ್ಲ. ಪಾನಕ, ಕೋಸಂಬರಿ, ನೀರುಮಜ್ಜಿಗೆ ಆದರೆ ಹಬ್ಬ ಆಯಿತು. ಅದೇನು ಮಹಾ ಅಂತ ಹನ್ನೊಂದು ಗಂಟೆಗೆ ಬೆಲ್ಲ ಕುಟ್ಟೋಕೆ ಕೂತವರ ಮನೆಯಲ್ಲಿ ನೈವೇದ್ಯ ಎರಡಕ್ಕೆ ಆಗುತ್ತೆ. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಹಂಡೆ ಇಡುವ ಕೆಲಸ ನನ್ನ ಪಾಲಿಗೆ ಬಂದಿರುವುದರಿಂದ ಹೇಳ್ತೀನಿ: ಮಧ್ಯಾಹ್ನ ಹನ್ನೆರಡರಿಂದ ಹಿಂದಕ್ಕೆ ಲೆಕ್ಕ ಹಾಕಿ.

ಮೊದಲು ದಿನ ಗೊತ್ತುಮಾಡಿಕೊಳ್ಳಿ. ರಾಮ ಹುಟ್ಟಿದ್ದು ಚೈತ್ರ ಶುದ್ಧ ನವಮಿ, ಪುನರ್ವಸು ನಕ್ಷತ್ರ, ಕರ್ಕಾಟಕ ಲಗ್ನದಲ್ಲಿ. ನವಮಿ ಎರಡು ದಿನಕ್ಕೆ ಹಂಚಿಹೋದರೆ, ಮಧ್ಯಾಹ್ನದಲ್ಲಿ ನವಮಿ ಇರುವ ದಿನ ಹಬ್ಬ. ಹಗಲನ್ನು ಐದು ಪಾಲು ಮಾಡಿದರೆ ಮೂರನೆಯದು ಮಧ್ಯಾಹ್ನ; ಬೆಂಗಳೂರಿನಲ್ಲಿ ಆ ಕಾಲಕ್ಕೆ ಸುಮಾರು 11ರಿಂದ 1.30. ಆಮೇಲೂ ಗೊಂದಲವಿದ್ದರೆ ಮನೆಯಲ್ಲಿ ಯಾವ ಪಂಚಾಂಗ ನಡೆಯುತ್ತೋ ಅದೇ ಸರಿ, ವಾಟ್ಸಾಪ್ ಗುಂಪಿನಲ್ಲಿ ಜಗಳ ಬೇಡ.

ಇಪ್ಪತ್ತು ಲೀಟರ್ ಹಂಡೆಗೆ ಮೂರೂವರೆ ಕೆಜಿ ಬೆಲ್ಲ ಬೇಕು. ಇದರಿಂದ ನೂರು ಲೋಟ ಆಗುತ್ತೆ. ಹೊಳೆಯುವ ಹಳದಿ ಅಚ್ಚಿಗೆ ಮರುಳಾಗಬೇಡಿ, ಆ ಬಣ್ಣ ಬರಲಿ ಅಂತ ಹೈಡ್ರೋಸ್ ಎಂಬ ಬಿಳಿಚಿಸುವ ರಾಸಾಯನಿಕ ಹಾಕಿರುವುದು ಹೆಚ್ಚು. ಕಂದು ಬಣ್ಣದ ಬೆಲ್ಲವೇ ಇರಲಿ. ಹಿಂದಿನ ರಾತ್ರಿ ಕುಟ್ಟಿಡಿ, ಬೆಳಗ್ಗೆ ಎಂಟಕ್ಕೆ ಐದಾರು ಲೀಟರ್ ನೀರಿನಲ್ಲಿ ನೆನೆಹಾಕಿ. ಒಂಬತ್ತಕ್ಕೆ ಪೂರ್ತಿ ಕರಗಿರುತ್ತೆ. ಈಗ ತೆಳು ಪಂಚೆಯಲ್ಲಿ ಸೋಸಿ. ಬಟ್ಟೆಯ ಮೇಲೆ ಉಳಿಯುವ ಮರಳು, ಕಬ್ಬಿನ ನಾರು, ಒಂದೋ ಎರಡೋ ಸತ್ತ ಇರುವೆ ನೋಡಿದವರು ಮತ್ತೆಂದೂ ಈ ಕೆಲಸ ತಪ್ಪಿಸುವುದಿಲ್ಲ. ಉಳಿದ ನೀರು ಸೇರಿಸಿ, ಒಣಶುಂಠಿ ಪುಡಿ ಮೂವತ್ತು ಗ್ರಾಂ, ಏಲಕ್ಕಿ ಇಪ್ಪತ್ತು ಗ್ರಾಂ, ತರಿತರಿಯಾಗಿ ಕುಟ್ಟಿದ ಮೆಣಸು ಒಂದು ಹಿಡಿ, ಚಿಟಿಕೆ ಉಪ್ಪು. ಮೆಣಸು ನುಣ್ಣಗೆ ಪುಡಿಯಾದರೆ ತಳಕ್ಕೆ ಕೂತು ಕೊನೆಯ ಹತ್ತು ಲೋಟದವರನ್ನು ಕೆಮ್ಮಿಸುತ್ತೆ. ಇಪ್ಪತ್ತು ನಿಂಬೆಹಣ್ಣಿನ ರಸ ಹನ್ನೊಂದೂವರೆಗೆ, ಅದಕ್ಕಿಂತ ಮುಂಚೆ ಬೇಡ. ಪಚ್ಚಕರ್ಪೂರ ಹಾಕುವುದಾದರೆ ಸಾಸಿವೆ ಕಾಳಿನಷ್ಟು ಸಾಕು, ತಿನ್ನುವಂಥದ್ದೇ ಎಂದು ಅಂಗಡಿಯಲ್ಲಿ ಕೇಳಿ ತನ್ನಿ. ಆರತಿಗೆ ಹಚ್ಚುವ ಕರ್ಪೂರ ವಿಷ.

ಐಸ್ ಗಡ್ಡೆ ತರಿಸಬೇಡಿ, ಅದು ಯಾವ ನೀರಿನದೋ ಯಾರಿಗೂ ಗೊತ್ತಿರಲ್ಲ. ಪಾನಕವನ್ನು ಮಣ್ಣಿನ ಮಡಕೆಗೆ ಬಗ್ಗಿಸಿ ಒದ್ದೆ ಬಟ್ಟೆ ಸುತ್ತಿದರೆ ತಣ್ಣಗಾಗುತ್ತೆ.

ಮನೆ ಮಟ್ಟಿಗೆ ಬೇಲದ ಹಣ್ಣಿನ ಪಾನಕ ಮಾಡಿ, ನನ್ನ ಕೇಳಿದರೆ ಅದೇ ನಿಜವಾದ ರಾಮನವಮಿ ಪಾನಕ. ಗಾಂಧಿಬಜಾರಿನಲ್ಲಿ ಈ ಹೊತ್ತಿಗೆ ರಾಶಿ ಹಾಕಿರುತ್ತಾರೆ. ಮೂಗಿನ ಹತ್ತಿರ ಹಿಡಿದರೆ ಹುಳಿಸಿಹಿ ಘಾಟು ಗಮ್ ಅನ್ನಬೇಕು, ಅಲ್ಲಾಡಿಸಿದರೆ ಒಳಗಿನ ತಿರುಳು ಕದಲಬೇಕು. ಕಲ್ಲಿಗೆ ಕುಟ್ಟಿ ಚಿಪ್ಪು ಒಡೆದು, ಕಂದು ತಿರುಳನ್ನು ಚಮಚದಲ್ಲಿ ಕೆರೆದು, ನೀರು ಹಾಕಿ ಕೈಯಲ್ಲೇ ಕಿವುಚಿ ಸೋಸಿ. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಒಗರು ಬರುತ್ತೆ. ಆಮೇಲೆ ಬೆಲ್ಲ, ಏಲಕ್ಕಿ. ನಿಂಬೆ ಬೇಕಿಲ್ಲ.

ಕೋಸಂಬರಿಗೆ ಹೆಸರುಬೇಳೆ ಒಂದು ಗಂಟೆ ನೆಂದರೆ ಸಾಕು, ಉಗುರಲ್ಲಿ ಒತ್ತಿದರೆ ಮುರಿಯಬೇಕು. ಜರಡಿಯಲ್ಲಿ ಹಾಕಿ ಚೆನ್ನಾಗಿ ಬಸಿಯಲು ಬಿಡಿ. ಸೌತೆಕಾಯಿ, ತೋತಾಪುರಿ ಮಾವಿನಕಾಯಿ ತುರಿ, ತೆಂಗಿನತುರಿ, ಸಾಸಿವೆ-ಇಂಗು-ಹಸಿಮೆಣಸಿನ ಒಗ್ಗರಣೆ. ಉಪ್ಪು ಮಾತ್ರ ಹಂಚುವ ಕ್ಷಣದಲ್ಲಿ, ಅದೂ ಸ್ವಲ್ಪಸ್ವಲ್ಪಕ್ಕೆ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ದೊನ್ನೆಯೆಲ್ಲ ರೊಚ್ಚೆ. ಮಜ್ಜಿಗೆ ಗೊತ್ತಿದ್ದದ್ದೇ: ಒಂದು ಪಾಲು ಮೊಸರಿಗೆ ಮೂರು ಪಾಲು ನೀರು, ಶುಂಠಿ, ಕರಿಬೇವು, ಉಪ್ಪು. ಸಕ್ಕರೆ ಕಾಯಿಲೆಯವರು ಪಾನಕ ಬೇಡ ಅನ್ನಲು ಸಂಕೋಚಪಡ್ತಾರೆ, ನೀವೇ ಮಜ್ಜಿಗೆ ಮುಂದೆ ಮಾಡಿ.

ಪೂಜೆ ದೊಡ್ಡದಾಗಿ ಬೇಕಿಲ್ಲ. ಪಟ್ಟಾಭಿಷೇಕದ ಪಟ, ತುಳಸಿ, ಹೂವು. ಯುಗಾದಿಯಿಂದ ರಾಮಾಯಣ ಪಾರಾಯಣ ಇಟ್ಟುಕೊಂಡವರು ಅಂದು ಮಂಗಳ ಮಾಡ್ತಾರೆ. ಹನ್ನೆರಡಕ್ಕೆ ನೈವೇದ್ಯ, ಹನ್ನೆರಡೂಕಾಲಿಗೆ ಹಂಡೆ ಬಾಗಿಲಾಚೆ. ಬಿಸಿಲಲ್ಲಿ ಬಂದ ಪೌರಕಾರ್ಮಿಕರಿಗೆ, ಆಟೋದವರಿಗೆ, ಡೆಲಿವರಿ ಹುಡುಗರಿಗೆ ಮೊದಲ ಲೋಟ; ಎದುರುಮನೆಯವರು ಹೇಗೂ ಚೊಂಬು ಹಿಡಿದು ಬರ್ತಾರೆ. ಬೀಸಣಿಗೆ ದಾನ ಕೊಡುವ ಪದ್ಧತಿ ಇದ್ದರೆ ಪ್ಲಾಸ್ಟಿಕ್‌ನದು ಬೇಡ, ಲಾವಂಚದ್ದು ಕೊಡಿ. ಕಸಕ್ಕೆ ಒಂದು ಡಬ್ಬ ಹಂಡೆಯ ಪಕ್ಕದಲ್ಲೇ ಇರಲಿ.

ಮೂರು ಗಂಟೆಯೊಳಗೆ ಕೋಸಂಬರಿ ಖಾಲಿಯಾಗಬೇಕು, ಆ ಸೆಕೆಗೆ ಅದು ತಡೆಯಲ್ಲ. ಹಂಡೆ ತೊಳೆದಿಟ್ಟು ಸ್ವಲ್ಪ ಮಲಗಿದರೆ, ಸಂಜೆ ಕೋಟೆ ಹೈಸ್ಕೂಲ್ ಮೈದಾನಕ್ಕೆ ಹೊರಡಬಹುದು. ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಶುರುವಾದದ್ದು 1939ರಲ್ಲಿ. ದೊಡ್ಡ ಕಛೇರಿ ಇರುವ ದಿನ ಮುಂದಿನ ಕುರ್ಚಿ ಬೇಕಿದ್ದರೆ ಬೇಗ ಹೋಗಿ.